ಐನೂರು ಸಿ.ಸಿ.ಯ ಪಾಠಶಾಲೆ

ಮೋಟಾರು ಪಂದ್ಯವೆಂಬುದು ಸಿರಿವಂತರ ಮಕ್ಕಳ ಆಟ, ನಮ್ಮಂಥವರಿಗೂ ಅದಕ್ಕೂ ಏನು ಸಂಬಂಧ ಎಂದು ಬಹುಕಾಲ ನಾನೂ ನಂಬಿದ್ದೆ. ಹಳಗನ್ನಡ ವ್ಯಾಕರಣ ಹೇಳಿಕೊಂಡಿರುವವನು ಆ ವಿಷಯಕ್ಕೆ ಕೈಹಾಕುವುದೇ ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಪಂದ್ಯಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ನಂಬಿಕೆ ಅರ್ಧ ಸುಳ್ಳಾಯಿತು. ಉಳಿದರ್ಧ ಇನ್ನಷ್ಟು ಗಟ್ಟಿಯಾಯಿತು. ಸುಳ್ಳಾದ ಅರ್ಧವೇ ಹೆಚ್ಚು ಸ್ವಾರಸ್ಯದ್ದು. ಅದನ್ನು ಮೊದಲು ಹೇಳುತ್ತೇನೆ.

ಎಲ್ಲ ವಿದ್ಯೆಗೂ ಒಂದು ಓನಾಮವಿದೆ. ಸಂಗೀತ ಕಲಿಯುವವನು ಸರಳೆವರಸೆಯಿಂದ ತೊಡಗುವಂತೆ, ಪಂದ್ಯದ ಚಾಲಕನಾಗಬಯಸುವ ಹುಡುಗನೂ ಎಲ್ಲಿಂದಲಾದರೂ ಆರಂಭಿಸಲೇಬೇಕು. ಪಂದ್ಯದ ಕಾರುಗಳಲ್ಲಿ ಹೆಚ್ಚಿನ ಗೌರವ ಪಡೆದಿರುವುದು ಒಬ್ಬನೇ ಕೂರುವ, ಗಾಲಿಗಳಿಗೆ ಮಡ್‌ಗಾರ್ಡಿನ ಮುಚ್ಚಿಗೆಯಿಲ್ಲದ, ಬೋಳುಗಾಲಿಯ ಕಾರು. ಅದು ಹೇಗಿರಬೇಕು, ಎಂಜಿನು ಎಷ್ಟನ್ನು ಮೀರಕೂಡದು ಎಂದು ವಿಧಿಸುವ ಕಟ್ಟಳೆಗೇ ‘ಫಾರ್ಮುಲಾ’ ಎಂದು ಹೆಸರು. ಫಾರ್ಮುಲಾ ಒಂದು ಎಂಬುದು ವಿದ್ವಾಂಸರ ಕಚೇರಿ; ಅದಕ್ಕೆ ಹುಡುಗರನ್ನು ಸಿದ್ಧಪಡಿಸುವ ಸರಳೆವರಸೆಗಳು ಹಲವು ಆಗಿಹೋಗಿವೆ. ಅವುಗಳಲ್ಲಿ ನನಗೆ ಪ್ರಿಯವಾದದ್ದು ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಹುಟ್ಟಿದ ಐನೂರು ಸಿ.ಸಿ. ಕಾರುಗಳ ಪಂಥ.

ಯುದ್ಧಕ್ಕೆ ಮೊದಲು ಆ ದೇಶದ ಪಂದ್ಯಗಳಿಗೆ ಕೇಂದ್ರವಾಗಿದ್ದದ್ದು 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ಪಥ. ಅದು ದೊಡ್ಡ ಮನುಷ್ಯರು ದೊಡ್ಡ ಕಾರುಗಳಲ್ಲಿ ಬಂದು ಸೇರುತ್ತಿದ್ದ ತಾಣ. ಯುದ್ಧದಲ್ಲಿ ಅದು ವಿಮಾನ ತಯಾರಿಕೆಯ ಪಾಲಾಯಿತು; ಮರಳಿ ಪಂದ್ಯದ ಬಯಲಾಗಲಿಲ್ಲ. ದೇಶ ಗೆದ್ದಿತ್ತು, ಆದರೆ ಬರಿಗೈಯಾಗಿತ್ತು. ಪೆಟ್ರೋಲಿಗೆ ಪಡಿತರ; ಅದು ರದ್ದಾದದ್ದು 1950ರ ಮೇ ತಿಂಗಳಲ್ಲಿ. ಹೊಸ ಕಾರು ಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. ಇದ್ದದ್ದು ಎರಡೇ: ಯುದ್ಧಕಾಲದ ಕಾರ್ಖಾನೆಗಳಲ್ಲಿ ಲೋಹ ಕಡೆಯುವುದನ್ನೂ ಬೆಸೆಯುವುದನ್ನೂ ಕಲಿತಿದ್ದ ತರುಣರು, ಕೆಲಸ ಮುಗಿದು ಹುಲ್ಲು ಬೆಳೆಯುತ್ತಿದ್ದ ವಿಮಾನ ನಿಲ್ದಾಣಗಳು.

ಬ್ರಿಸ್ಟಲ್ ನಗರದಲ್ಲಿ ವಿಮಾನದ ಕಾರ್ಖಾನೆಯೊಂದರ ಆಸುಪಾಸಿನ ಹವ್ಯಾಸಿಗಳ ಗುಂಪೊಂದು ಈ ಸ್ಥಿತಿಗೆ ತಕ್ಕ ಉಪಾಯ ಹೂಡಿತು. ಅವರಲ್ಲಿ ಮುಂದಾಳು ಡಿಕ್ ಸೀಸರ್. ಮೋಟಾರ್ ಸೈಕಲಿನ ಐನೂರು ಸಿ.ಸಿ. ಎಂಜಿನೊಂದನ್ನು ನಾಲ್ಕು ಗಾಲಿಯ ಮೇಲೆ ಕೂರಿಸಿ ಮನೆಯ ಹಿತ್ತಲಲ್ಲೇ ಪಂದ್ಯದ ಕಾರು ಮಾಡೋಣ, ಗಾಳಿ ತುಂಬಿ ಬಲ ಹೆಚ್ಚಿಸುವ ಸೂಪರ್‌ಚಾರ್ಜರಿನಂಥ ದುಬಾರಿ ಯಂತ್ರ ಯಾರಿಗೂ ಬೇಡ ಎಂದು ಅವರು ಕಟ್ಟಳೆ ಮಾಡಿಕೊಂಡರು. 1946ರಲ್ಲಿ ಐನೂರರ ಸಂಘ ಸ್ಥಾಪನೆಯಾಯಿತು. ಕಟ್ಟಳೆಯೇನೋ ಒಂದು ಸಾಲಿನದು. ಆದರೆ ‘ನಿನ್ನಲ್ಲಿ ಹಣ ಎಷ್ಟಿದೆ’ ಎಂಬ ಪ್ರಶ್ನೆಯನ್ನು ಅದು ಹಿಂದಕ್ಕೆ ತಳ್ಳಿ, ‘ನಿನ್ನ ಕೈಯಲ್ಲಿ ಏನಿದೆ’ ಎಂಬ ಪ್ರಶ್ನೆಯನ್ನು ಮುಂದಕ್ಕೆ ತಂದಿತು.

ಕಾಲಿನ್ ಸ್ಟ್ರಾಂಗ್, ಕ್ಲೈವ್ ಲೋನ್ಸ್ ಮೊದಲಾದವರು ತಮ್ಮ ತಮ್ಮ ಗಾಡಿಗಳೊಡನೆ ಬಂದರು. ಲಂಡನ್ನಿನ ಹೊರವಲಯದ ಸರ್ಬಿಟನ್ನಿನಲ್ಲಿ ಚಾರ್ಲ್ಸ್ ಕೂಪರ್ ಎಂಬಾತನಿಗೆ ಒಂದು ಗರಾಜು ಇತ್ತು. ಅವನ ಮಗ ಜಾನ್ ಕೂಪರನೂ ಅವನ ಗೆಳೆಯ ಎರಿಕ್ ಬ್ರಾಂಡನ್ನನೂ 1946ರಲ್ಲಿ ಒಂದು ಕಾರು ಕಟ್ಟಲು ತೊಡಗಿದರು. ಅವರಿಗೆ ಸಿಕ್ಕಿದ್ದು ಫಿಯಟ್ ಕಂಪನಿಯ ಟೊಪೊಲಿನೊ ಎಂಬ ಪುಟ್ಟ ಕಾರಿನ ಮುಂಭಾಗಗಳು, ಎರಡು. ಒಂದಕ್ಕೊಂದು ಬೆನ್ನು ಕೊಟ್ಟಂತೆ ಎರಡನ್ನೂ ಬೆಸೆದರು. ಹೀಗೆ ಮುಂದಿನ ಗಾಲಿಗಳಂತೆ ಹಿಂದಿನವೂ ಒಂದೊಂದೂ ತಾನೇ ತಾನಾಗಿ ಕುಣಿಯುವ ಸ್ಪ್ರಿಂಗಿನ ವ್ಯವಸ್ಥೆ ಖರ್ಚಿಲ್ಲದೆ ಒದಗಿತು. ಎಂಜಿನು ಜೆ.ಎ.ಪಿ. ಕಂಪನಿಯದು, ಮಣ್ಣಿನ ಪಥದ ಮೋಟಾರ್ ಸೈಕಲ್ ಪಂದ್ಯಗಳಿಗಾಗಿ ಮಾಡಿದ್ದ ಒಂಟಿ ಸಿಲಿಂಡರಿನದು, ಆಲ್ಕೊಹಾಲು ಕುಡಿದು ಓಡುವಂಥದು.

ಆ ಎಂಜಿನನ್ನು ಎಲ್ಲಿಡುವುದು? ನಮ್ಮ ಕಥೆಯ ತಿರುಳು ಇಲ್ಲಿದೆ. ಅಂದಿನ ದೊಡ್ಡ ಪಂದ್ಯದ ಕಾರುಗಳಲ್ಲಿ ಎಂಜಿನು ಮುಂದೆ, ಚಾಲಕ ಹಿಂದೆ. ಕುದುರೆ ಗಾಡಿಯ ಮುಂದಿರಬೇಕೆಂಬ ನ್ಯಾಯ. 1930ರ ದಶಕದಲ್ಲಿ ಜರ್ಮನಿಯ ಆಟೊ ಯೂನಿಯನ್ ಕಂಪನಿ ಎಂಜಿನನ್ನು ಬೆನ್ನ ಹಿಂದಿಟ್ಟು ಗೆದ್ದದ್ದುಂಟು. ಆದರೆ ಅದು ಹತೋಟಿಗೆ ಸಿಗದ ಕಾರೆಂದು ಹೆಸರಾಗಿ, ಯಾರೂ ಆ ದಾರಿ ಹಿಡಿದಿರಲಿಲ್ಲ. ಕೂಪರನಿಗೆ ಇಂಥ ವಾದಗಳ ಗೊಡವೆಯಿರಲಿಲ್ಲ. ಮೋಟಾರ್ ಸೈಕಲಿನ ಎಂಜಿನು ಗಾಲಿಯನ್ನು ತಿರುಗಿಸುವುದು ಚೈನಿನಿಂದ. ಚೈನು ಗಿಡ್ಡದಾಗಿರಬೇಕಾದರೆ ಎಂಜಿನು ಹಿಂದಿನ ಗಾಲಿಯ ಪಕ್ಕದಲ್ಲೇ ಇರಬೇಕು. ಇಟ್ಟರು, ಅಷ್ಟೆ. ಬಡತನ ಹೇಳಿದ ಹಾಗೆ ಕೇಳಿದರು.

ಕೇಳಿದ್ದು ವ್ಯರ್ಥವಾಗಲಿಲ್ಲ. ಮುಂದಿನಿಂದ ಹಿಂದಕ್ಕೆ ಉದ್ದನೆಯ ದಂಡ ಹಾಯಿಸುವ ಕೆಲಸವಿಲ್ಲ. ಚಾಲಕ ಅದರ ಮೇಲೆ ಎತ್ತರದಲ್ಲಿ ಕೂರಬೇಕಾಗಿಲ್ಲ. ಕಾರು ತಗ್ಗಾಯಿತು, ಹಗುರಾಯಿತು. ಭಾರವೆಲ್ಲ ನಡುವೆ ಸೇರಿದ್ದರಿಂದ ತಿರುವಿನಲ್ಲಿ ಚುರುಕಾಗಿ ಹೊರಳುತ್ತಿತ್ತು. 1947ರ ಜುಲೈನಲ್ಲಿ ಗ್ರಾನ್ಸ್‌ಡೆನ್ ಲಾಡ್ಜ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲಿ ನಡೆದ ಐನೂರರ ಪಂದ್ಯದಲ್ಲಿ ಬ್ರಾಂಡನ್ ಕೂಪರ್ ಕಾರಿನಲ್ಲೇ ಗೆದ್ದ. ನೋಡಿದವರು ತಮಗೂ ಒಂದು ಬೇಕೆಂದರು. ಗರಾಜು ಕಾರ್ಖಾನೆಯಾಯಿತು.

ಹಾಗೆ ಬಂದು ಕೊಂಡವರಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬನಿದ್ದ. ಸ್ಟರ್ಲಿಂಗ್ ಮಾಸ್ ಎಂದು ಹೆಸರು. ತಂದೆ ದಂತವೈದ್ಯ, ತಾನೂ ಒಂದು ಕಾಲಕ್ಕೆ ಇಂಡಿಯಾನಾಪೊಲಿಸ್ಸಿನಲ್ಲಿ ಕಾರು ಓಡಿಸಿದವನು. ಆದ್ದರಿಂದ ಇವರನ್ನು ಬಡವರೆನ್ನಲಾಗದು. ಆದರೂ 1948ರಲ್ಲಿ ಆ ಹುಡುಗ ತನ್ನ ಕೂಪರನ್ನು ಪಂದ್ಯಗಳಿಗೆ ಸಾಗಿಸುತ್ತಿದ್ದದ್ದು ಮನೆಯ ಕುದುರೆಗಳನ್ನು ಒಯ್ಯುವ ಪೆಟ್ಟಿಗೆ ಗಾಡಿಯಲ್ಲಿ. ಪೀಟರ್ ಕಾಲಿನ್ಸ್, ಸ್ಟುಅರ್ಟ್ ಲೂಯಿಸ್ ಇವಾನ್ಸ್ ಇದೇ ಶಾಲೆಯ ಮಕ್ಕಳು. ಮೀನು ಹಿಡಿಯುವ ದೋಣಿಯವನೊಬ್ಬನ ಮಗ, ಹಳೆಯ ಮೋಟಾರ್ ಸೈಕಲುಗಳ ವ್ಯಾಪಾರಿ, ಬರ್ನಿ ಎಕಲ್‌ಸ್ಟನ್ನನೂ ಇಲ್ಲಿ ಕೂಪರ್ ಓಡಿಸಿದ. ಚಾಲಕನಾಗಿ ಅವನು ಹೆಚ್ಚು ದೂರ ಹೋಗಲಿಲ್ಲ. ಆದರೆ ಫಾರ್ಮುಲಾ ಒಂದರ ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡು 2017ರ ಆರಂಭದವರೆಗೆ ಆಳಿದ.

1950ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಈ ಪಂಥಕ್ಕೆ ಫಾರ್ಮುಲಾ ಮೂರು ಎಂಬ ಪದವಿ ಕೊಟ್ಟಿತು. ಹಿತ್ತಲ ಗಿಡಕ್ಕೆ ರಾಜೋದ್ಯಾನದಲ್ಲಿ ಜಾಗ ಸಿಕ್ಕಿತು. ಅಲ್ಲಿಂದಾಚೆಗೆ ಆ ಗಿಡ ಹಿತ್ತಲದ್ದಾಗಿ ಉಳಿಯಲಿಲ್ಲ. ಜೆ.ಎ.ಪಿ. ಎಂಜಿನಿಗಿಂತ ನಾರ್ಟನ್ ಕಂಪನಿಯ ಪಂದ್ಯದ ಎಂಜಿನು ಮೇಲೆಂದು ಗೊತ್ತಾಯಿತು. ನಾರ್ಟನ್ ಬರಿಯ ಎಂಜಿನನ್ನು ಮಾರುತ್ತಿರಲಿಲ್ಲ. ಬೇಕಾದವನು ಇಡೀ ಮೋಟಾರ್ ಸೈಕಲನ್ನು ಕೊಂಡು, ಎಂಜಿನು ಕಿತ್ತುಕೊಂಡು, ಮಿಕ್ಕದ್ದನ್ನು ಮಾರಬೇಕು. ಹಾಗೆ ಉಳಿದ ಚೌಕಟ್ಟುಗಳಿಗೆ ಟ್ರಯಂಫ್ ಎಂಜಿನು ಕೂಡಿಸಿ ‘ಟ್ರೈಟನ್’ ಎಂಬ ಮೋಟಾರ್ ಸೈಕಲುಗಳನ್ನು ಹುಡುಗರು ಮಾಡಿಕೊಂಡರೆಂಬುದು ಬೇರೆ ಮಾತು. ಎಂಜಿನನ್ನು ಹದ ಮಾಡಿಕೊಡುವ ನಿಪುಣರು ಹುಟ್ಟಿಕೊಂಡರು. ಅವರ ಕೈಚಳಕಕ್ಕೂ ಬೆಲೆ ತೆರಬೇಕಾಯಿತು. ಮನೆಯಲ್ಲಿ ಕಾರು ಮಾಡಿ ತಂದವನು ಪಂದ್ಯದ ಕೊನೆಯ ಸಾಲಿನಲ್ಲಿ ನಿಂತ. ಮೆಲ್ಲಗೆ ಬರುವುದನ್ನೇ ಬಿಟ್ಟ.

ಆದರೆ ಅಷ್ಟರಲ್ಲಿ ಈ ಪಾಠಶಾಲೆ ತನ್ನ ದೊಡ್ಡ ಕೆಲಸವನ್ನು ಮಾಡಿಯಾಗಿತ್ತು. ಕೂಪರರು ಅದೇ ಮಾದರಿಯ ಕಾರನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸುತ್ತ ಹೋದರು. 1958ರ ಜನವರಿಯಲ್ಲಿ ಅರ್ಜೆಂಟೀನದ ಗ್ರಾಂಡ್ ಪ್ರಿ ಪಂದ್ಯಕ್ಕೆ ಮಾಸ್ ಒಂದು ಕೂಪರ್ ಕಾರು ತಂದ. ಅದರ ಎಂಜಿನು ಎರಡು ಲೀಟರಿಗೂ ತುಸು ಕಡಿಮೆ; ಎದುರಿಗಿದ್ದ ಫೆರಾರಿಗಳದು ಸುಮಾರು 2.4 ಲೀಟರು. ಹಗುರವಾದ ಕಾರು ಟೈರನ್ನು ಅಷ್ಟಾಗಿ ಸವೆಸದು. ಮಾಸ್ ಟೈರು ಬದಲಿಸಲು ನಿಲ್ಲಲೇ ಇಲ್ಲ. ಮೂರು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಗೆದ್ದ. 1959ರಲ್ಲಿಯೂ 1960ರಲ್ಲಿಯೂ ಆಸ್ಟ್ರೇಲಿಯದ ಜಾಕ್ ಬ್ರಾಬಮ್ ಕೂಪರ್ ಕಾರಿನಲ್ಲಿ ವಿಶ್ವವಿಜೇತನಾದ. ಮುಂದೆ ಎಂಜಿನಿದ್ದ ಕಾರು ವಿಶ್ವಪಂದ್ಯಾವಳಿಯಲ್ಲಿ ಕಡೆಯ ಸಲ ಗೆದ್ದದ್ದು 1960ರಲ್ಲಿ, ಇಟಲಿಯ ಮೊಂಜ಼ಾದಲ್ಲಿ. ಅನಂತರ ಫೆರಾರಿಯೂ ಎಂಜಿನನ್ನು ಹಿಂದಕ್ಕೆ ಸಾಗಿಸಿತು. ಇಂದಿಗೂ ಫಾರ್ಮುಲಾ ಒಂದರ ಪ್ರತಿಯೊಂದು ಕಾರಿನಲ್ಲಿಯೂ ಎಂಜಿನಿರುವುದು ಚಾಲಕನ ಬೆನ್ನ ಹಿಂದೆಯೇ. ಓನಾಮದ ಮಕ್ಕಳು ಮರಳ ಮೇಲೆ ಬರೆದದ್ದನ್ನು ಪಂಡಿತರು ಓಲೆಗೆ ಇಳಿಸಿಕೊಂಡರು.

ಇದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು. ಅದೇ 1958ರ ಆಗಸ್ಟಿನಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗಿನಲ್ಲಿ ಕಾಲಿನ್ಸ್ ಸತ್ತ, ವಯಸ್ಸು ಇಪ್ಪತ್ತಾರು. ಅಕ್ಟೋಬರಿನಲ್ಲಿ ಮೊರಾಕ್ಕೊದ ಪಂದ್ಯದಲ್ಲಿ ಲೂಯಿಸ್ ಇವಾನ್ಸನ ಕಾರಿಗೆ ಬೆಂಕಿ ಹತ್ತಿತು; ಸುಟ್ಟ ಗಾಯಗಳಿಂದ ಆರು ದಿನ ನರಳಿ ತೀರಿಕೊಂಡ; ವಯಸ್ಸು ಇಪ್ಪತ್ತೆಂಟು. ಮಾಸ್ ಹದಿನಾರು ಗ್ರಾಂಡ್ ಪ್ರಿಗಳನ್ನು ಗೆದ್ದು, ಒಮ್ಮೆಯೂ ವಿಶ್ವವಿಜೇತನಾಗದೆ, ತೊಂಬತ್ತು ವರ್ಷ ಬಾಳಿ 2020ರಲ್ಲಿ ಕಣ್ಣುಮುಚ್ಚಿದ. ಒಂದೇ ಶಾಲೆಯ ಮೂವರ ಹಣೆಬರಹ ಹೀಗೆ.

ಐನೂರರ ಪಂಥ ಸೊರಗುತ್ತಿದ್ದಂತೆ ಇಟಲಿಯ ಕೌಂಟ್ ಲುರಾನಿ ಎಂಬಾತ ಫಾರ್ಮುಲಾ ಜೂನಿಯರ್ ಎಂಬ ಹೊಸ ಮೆಟ್ಟಿಲು ಹಾಕಿದ. ಬೀದಿಯ ಕಾರಿನ ಎಂಜಿನನ್ನೇ ಬಳಸಬೇಕು, ಗಾತ್ರ 1100 ಸಿ.ಸಿ. ಮೀರಕೂಡದು ಎಂಬುದು ಕಟ್ಟಳೆ. 1958ರಲ್ಲಿ ಆರಂಭವಾದ ಇದರಲ್ಲಿ ಮೊದಲು ಇಟಲಿಯ ಕಾರುಗಳದೇ ಮೇಲುಗೈ; ಅವುಗಳಲ್ಲಿ ಎಂಜಿನು ಮುಂದೆಯೇ ಇತ್ತು. 1960ರಲ್ಲಿ ಕೂಪರ್, ಲೋಟಸ್ ಕಾರುಗಳು ಬೆನ್ನ ಹಿಂದೆ ಎಂಜಿನು ಹೊತ್ತು ಬಂದು ಅವನ್ನು ಬದಿಗೊತ್ತಿದವು. ಬೀದಿಯ ಎಂಜಿನು ಎಂಬ ಮಾತು ಹೆಸರಿಗೆ ಉಳಿದು, ಒಳಗೆಲ್ಲ ದುಬಾರಿ ಕೆಲಸ ನಡೆಯತೊಡಗಿತು. 1963ಕ್ಕೆ ಇದೂ ಮುಗಿಯಿತು.

ಮೂರನೆಯ ಪ್ರಯತ್ನ ಫಾರ್ಮುಲಾ ಫೋರ್ಡ್. ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್ ಪಥದ ಜಾನ್ ವೆಬ್, ಅಲ್ಲಿಯೇ ಚಾಲನಾ ಶಾಲೆ ನಡೆಸುತ್ತಿದ್ದ ಜೆಫ್ ಕ್ಲಾರ್ಕ್ ಇಬ್ಬರೂ ಕೂಡಿ ಯೋಚಿಸಿದ್ದು ಇದು. ಶಾಲೆಯ ಕಾರುಗಳಿಗೆ ಪಂದ್ಯದ ಎಂಜಿನು ಹಾಕಿದರೆ ಕಲಿಯುವ ಹುಡುಗರ ಕೈಯಲ್ಲಿ ಅದು ಬಾಳುವುದಿಲ್ಲ. ಮನೆಮಂದಿಯ ಫೋರ್ಡ್ ಕಾರ್ಟಿನಾ ಕಾರಿನ ಎಂಜಿನು ಹಾಕಿದರೆ ಬಾಳುತ್ತದೆ. ಆದ್ದರಿಂದ ಎಲ್ಲರಿಗೂ ಅದೇ ಎಂಜಿನು. ಆರಂಭದಲ್ಲಿ ಟೈರು ಕೂಡ ಬೀದಿಯದೇ. ಇಡೀ ಕಾರಿನ ಬೆಲೆ 1,000 ಪೌಂಡು ಮೀರಕೂಡದು. ಬೆಲೆಯನ್ನೇ ಕಟ್ಟಳೆಯೊಳಕ್ಕೆ ಬರೆದದ್ದು ಇದರ ಜಾಣತನ. 1967ರ ಜುಲೈ 2ರಂದು ಮೊದಲ ಪಂದ್ಯ ನಡೆಯಿತು. 1969ರಲ್ಲಿ ಬ್ರೆಜಿಲಿನಿಂದ ಬಂದು ಈ ಕಾರು ಹತ್ತಿದ ಎಮರ್ಸನ್ ಫಿಟ್ಟಿಪಾಲ್ಡಿ 1970ರಲ್ಲೇ ಫಾರ್ಮುಲಾ ಒಂದರ ಪಂದ್ಯ ಗೆದ್ದು, 1972ರಲ್ಲಿ ವಿಶ್ವವಿಜೇತನಾದ. ನೈಜೆಲ್ ಮ್ಯಾನ್ಸೆಲ್ 1977ರಲ್ಲಿ ಕತ್ತಿನ ಮೂಳೆ ಮುರಿದುಕೊಂಡೂ ಇದರ ಪಟ್ಟ ಗೆದ್ದ. 1981ರಲ್ಲಿ ಬ್ರೆಜಿಲಿನ ಇನ್ನೊಬ್ಬ ತರುಣ ಇದರಲ್ಲಿ ಎರಡು ಪಟ್ಟಗಳನ್ನು ಗೆದ್ದ. ಅವನೇ ಐರ್ಟನ್ ಸೆನ್ನಾ. ಎಲ್ಲರ ಕೈಗೂ ಒಂದೇ ಬಗೆಯ ಎಂಜಿನು ಕೊಟ್ಟರೆ ಯಾರ ಕೈ ಎಂಥದೆಂದು ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಾವಿರ ಪೌಂಡಿನ ಮಿತಿಯೂ ಮುಂದೆ ನಿಲ್ಲಲಿಲ್ಲವೆಂಬುದನ್ನು ವಾಚಕರು ಇಷ್ಟರಲ್ಲೇ ಊಹಿಸಿರಬಹುದು.

ನಮ್ಮ ದೇಶದ ಕಥೆಯೂ ಹಳೆಯ ವಿಮಾನ ನಿಲ್ದಾಣದಿಂದಲೇ ಮೊದಲಾಗುತ್ತದೆ. ಮದರಾಸಿನ ಬಳಿಯ ಶೋಲಾವರಂನಲ್ಲಿ ಮಹಾಯುದ್ಧಕ್ಕಾಗಿ ಮಾಡಿದ್ದ ಓಡುದಾರಿಯ ಮೇಲೆ 1950ರ ದಶಕದಲ್ಲಿ ಪಂದ್ಯಗಳು ಆರಂಭವಾದವು. ಕೊಯಮತ್ತೂರಿನ ಕರಿವರ್ಧನ್ 1980ರ ದಶಕದಲ್ಲಿ ಮಾರುತಿ 800ರ ಎಂಜಿನು ಕೂರಿಸಿ ಬೋಳುಗಾಲಿಯ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಎಂದು ಹೆಸರಾದ ಆ ಕಾರಿನಲ್ಲಿ ತೊಡಗಿದ ಅದೇ ಊರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒಂದರಲ್ಲಿ ಓಡಿದ ಮೊದಲ ಭಾರತೀಯರಾದರು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ ಎರಡನ್ನು ಮುಟ್ಟಿದರು. ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಅದೇ ದರ್ಜೆಯ ಒಂದು ಪಂದ್ಯವನ್ನು ಗೆದ್ದರು. ಆದರೆ ಇವರೆಲ್ಲರೂ ಮೇಲಿನ ಮೆಟ್ಟಿಲುಗಳಿಗಾಗಿ ಯೂರೋಪಿಗೆ ಹೋಗಿ ವರ್ಷಗಟ್ಟಲೆ ಖರ್ಚು ಹೊರಬೇಕಾಯಿತು. 2014ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಫಾರ್ಮುಲಾ ನಾಲ್ಕು ಎಂಬ ಇನ್ನೊಂದು ಕೆಳಮೆಟ್ಟಿಲನ್ನು ಹಾಕಿತು. 2023ರಲ್ಲಿ ಅದು ಭಾರತಕ್ಕೂ ಬಂತು. ಅದರ ಉದ್ದೇಶವೂ ಹಿಂದಿನವುಗಳದೇ: ಖರ್ಚು ಮಿತಿಯಲ್ಲಿರಬೇಕು. ಮಧ್ಯಮ ವರ್ಗದ ತಂದೆಯೊಬ್ಬ ಅದರ ಒಂದು ವರ್ಷದ ಖರ್ಚನ್ನು ವಿಚಾರಿಸಿ ನೋಡಿದರೆ ಸಾಕು, ನನ್ನ ನಂಬಿಕೆಯ ಉಳಿದರ್ಧ ಏಕೆ ಗಟ್ಟಿಯಾಯಿತೆಂದು ತಿಳಿಯುತ್ತದೆ.

ಹೀಗೆ ಕೆಳಗಿನ ಮೆಟ್ಟಿಲನ್ನು ಎಷ್ಟು ಸಲ ಇಳಿಸಿ ಹಾಕಿದರೂ ಅದು ತಾನಾಗಿ ಮೇಲಕ್ಕೇರುತ್ತದೆ. ಗೆಲ್ಲಬೇಕೆಂಬ ಆಸೆಯೇ ಅದನ್ನು ಏರಿಸುತ್ತದೆ. ಇದರಲ್ಲಿ ಯಾರೊಬ್ಬರ ದೋಷವೂ ಇಲ್ಲ. ಆದ್ದರಿಂದಲೇ ಪ್ರತಿ ತಲೆಮಾರಿನಲ್ಲಿಯೂ ಯಾರಾದರೊಬ್ಬರು ಅದನ್ನು ಮತ್ತೆ ನೆಲದ ಹತ್ತಿರಕ್ಕೆ ತರಬೇಕಾಗುತ್ತದೆ. ಬಡ ಹುಡುಗರ ಮೇಲಿನ ಕರುಣೆಯಿಂದ ಮಾತ್ರ ನಾನು ಈ ಮಾತು ಹೇಳುತ್ತಿಲ್ಲ. ಸರ್ಬಿಟನ್ನಿನ ಗರಾಜಿನವರಿಗೆ ಅಂದು ಹಣವಿದ್ದಿದ್ದರೆ ಅವರೂ ಎಂಜಿನನ್ನು ಎಲ್ಲರಂತೆ ಮುಂದೆಯೇ ಇಡುತ್ತಿದ್ದರು. ಅದನ್ನು ಹಿಂದಿಡುವ ಬುದ್ಧಿ ದೊಡ್ಡವರಿಗೆ ಇನ್ನೆಷ್ಟು ವರ್ಷ ಬರುತ್ತಿರಲಿಲ್ಲವೋ ಹೇಳುವಂತಿಲ್ಲ. ಹಣವಿಲ್ಲದವನನ್ನು ಬಾಗಿಲಲ್ಲೇ ನಿಲ್ಲಿಸಿದರೆ ನಷ್ಟ ಅವನೊಬ್ಬನದಲ್ಲ, ಒಳಗಿರುವವರದೂ ಹೌದು.