ಅಲೆಯ ಹೆಸರು, ಬಿಸಿಯ ಕೆಲಸ

ಒಂದೇ ಪಾತ್ರೆಗೆ ಸರಳ ವಸ್ತುಗಳನ್ನು ಹಾಕಿ, ನಡುವೆ ಏನನ್ನೂ ಬೇರ್ಪಡಿಸದೆ ಅಮೀನ್ ಸಂಯುಕ್ತ ಪಡೆಯುವ ಜಾಣ್ಮೆ ಮೈಕ್ರೋವೇವ್ ಓವನ್ನಿನ ಕೊಡುಗೆ ಎಂಬ ನಂಬಿಕೆ ಇಂದು ಸಲೀಸಾಗಿ ಹರಡಿದೆ. ಆ ಜಾಣ್ಮೆಗೆ ವಯಸ್ಸು ಬಹಳ. 1850ರಲ್ಲೇ ಜರ್ಮನಿಯ ಸ್ಟ್ರೆಕರ್ ಅಸಿಟಾಲ್ಡಿಹೈಡ್, ಅಮೋನಿಯಾ, ಹೈಡ್ರೋಜನ್ ಸಯನೈಡ್ ಕೂಡಿಸಿ, ಬಂದದ್ದನ್ನು ಆಮ್ಲದಲ್ಲಿ ಒಡೆದು ಅಲನಿನ್ ತಯಾರಿಸಿದ್ದರು. ಟ್ರೋಪಿನೋನ್ ಎಂಬ ಅಮೀನನ್ನು 1901ರಲ್ಲಿ ವಿಲ್‌ಸ್ಟಾಟರ್ ಹತ್ತಾರು ಹಂತಗಳಲ್ಲಿ ಕಟ್ಟಿದಾಗ ಸಿಕ್ಕ ಇಳುವರಿ ನೂರಕ್ಕೆ ಒಂದಕ್ಕೂ ಕಡಿಮೆ. 1917ರಲ್ಲಿ ರಾಬರ್ಟ್ ರಾಬಿನ್ಸನ್ ಅದೇ ವಸ್ತುವನ್ನು ಮೀಥೈಲಮೀನ್ ಮತ್ತು ಇನ್ನೆರಡು ವಸ್ತುಗಳನ್ನು ನೀರಿನಲ್ಲಿ ಬೆರೆಸಿ ಪಡೆದರು. ಅದರ ಉಂಗುರ ಕಟ್ಟಿಕೊಳ್ಳಲು ಕಾಯಿಸುವ ಅಗತ್ಯವೂ ಬೀಳಲಿಲ್ಲ.

ಹಾಗಾದರೆ ಓವನ್ ತಂದದ್ದೇನು? ವೇಗ. 1986ರಲ್ಲಿ ಕೆನಡಾದ ಸಡ್‌ಬರಿಯ ಲಾರೆನ್ಷಿಯನ್ ವಿಶ್ವವಿದ್ಯಾಲಯದಲ್ಲಿ ಗೆಡೈ ಮತ್ತು ಸಂಗಡಿಗರು ಅಡುಗೆಮನೆಯ ಓವನ್ನಿನಲ್ಲಿ, ಬಿಗಿಯಾಗಿ ಮುಚ್ಚಿದ ಟೆಫ್ಲಾನ್ ಪಾತ್ರೆಯಲ್ಲಿ ಸಾವಯವ ಕ್ರಿಯೆಗಳನ್ನು ನಡೆಸಿದರು; ಅಮೆರಿಕದ ಗಿಗೆರೆ, ಮಜೆಟಿಕ್ ಮತ್ತು ಜತೆಗಾರರ ವರದಿಯೂ ಅದೇ ವರ್ಷದ್ದು. ಗಂಟೆಗಟ್ಟಲೆ ಹಿಡಿಯುತ್ತಿದ್ದದ್ದು ನಿಮಿಷಗಳಲ್ಲಿ ಮುಗಿದಾಗ, ಅಲೆಗೇ ಏನೋ ವಿಶೇಷ ಶಕ್ತಿಯಿದೆಯೆಂಬ ಮಾತು ಹುಟ್ಟಿತು. ಗೆಡೈ ಅವರ ಫಲಿತಾಂಶವೇ ಬೇರೆ ಸುಳಿವು ಕೊಡುತ್ತದೆ. ಬೆಂಜೋಯಿಕ್ ಆಮ್ಲವನ್ನು ಮದ್ಯಸಾರದೊಂದಿಗೆ ಎಸ್ಟರ್ ಆಗಿಸುವಾಗ, 65 ಡಿಗ್ರಿಗೇ ಕುದಿಯುವ ಮೆಥನಾಲಿನಲ್ಲಿ ವೇಗ ಬಹಳ ಏರಿತು. 138 ಡಿಗ್ರಿಯಲ್ಲಿ ಕುದಿಯುವ ಪೆಂಟನಾಲಿನಲ್ಲಿ ಏರಿಕೆ ಅಷ್ಟಕ್ಕಷ್ಟೆ. ಅಲೆ ಎರಡಕ್ಕೂ ಒಂದೇ. ಬಿಗಿಮುಚ್ಚಳದ ಒತ್ತಡ ಮೆಥನಾಲನ್ನು ಕುದಿಬಿಂದು ಮೀರಿ ಕಾಯಿಸಿತು. ಆ ಲಾಭ ಪೆಂಟನಾಲಿಗೆ ಹೆಚ್ಚು ದಕ್ಕಲಿಲ್ಲ.

ಎಣ್ಣೆಸ್ನಾನದಲ್ಲಿ ಅದೇ ತಾಪಮಾನ ಇಟ್ಟರೂ ಓವನ್ನಿನಷ್ಟು ಫಲ ಬರಲಿಲ್ಲವಲ್ಲ ಎಂದು ಕೆಲವರು ವಾದಿಸಿದ್ದುಂಟು. ವಾದ ತಳ್ಳಿಹಾಕುವಂಥದ್ದಲ್ಲ, ಆದರೆ ತಾಪಮಾನ ಅಳೆದ ಬಗೆಯನ್ನು ಮೊದಲು ಕೇಳಬೇಕು. ಓವನ್ನಿನೊಳಗೆ ಪಾದರಸದ ಥರ್ಮಾಮೀಟರ್ ಇಡುವಂತಿಲ್ಲ. ಇನ್‌ಫ್ರಾರೆಡ್ ಸಂವೇದಕ ಗಾಜಿನ ಹೊರಮೈಯನ್ನಷ್ಟೇ ಓದುತ್ತದೆ. ಅಲೆ ನೇರವಾಗಿ ಬಂಧ ಮುರಿಯುತ್ತದೆ ಎನ್ನುವಂತೆಯೂ ಇಲ್ಲ: ಓವನ್ನಿನ 2.45 ಗಿಗಾಹರ್ಟ್ಸ್ ಅಲೆಯ ಒಂದು ಫೋಟಾನಿನ ಶಕ್ತಿ ಸುಮಾರು 0.00001 ಎಲೆಕ್ಟ್ರಾನ್ ವೋಲ್ಟ್, ಇಂಗಾಲದ ಬಂಧ ಮುರಿಯಲು ಬೇಕಾದದ್ದು ಮೂರಕ್ಕೂ ಹೆಚ್ಚು. 2009ರಲ್ಲಿ ಆಸ್ಟ್ರಿಯದ ಗ್ರಾಟ್ಸ್‌ನಲ್ಲಿ ಕಾಪ್ಪೆ ತಂಡ, ಅಲೆಯನ್ನು ತಾನೇ ಹೀರಿಕೊಂಡು ಒಳಗಿನ ದ್ರವಕ್ಕೆ ಬಿಸಿಯನ್ನಷ್ಟೇ ದಾಟಿಸುವ ಸಿಲಿಕಾನ್ ಕಾರ್ಬೈಡ್ ಪಾತ್ರೆ ಬಳಸಿತು. ಮಾಮೂಲಿ ಗಾಜಿನ ಪಾತ್ರೆಯಲ್ಲಿ ಬಂದ ಫಲವೇ ಇದರಲ್ಲೂ ಬಂತು. ಘನ ವೇಗವರ್ಧಕದ ಕಣಗಳು ದ್ರವಕ್ಕಿಂತ ಹೆಚ್ಚು ಕಾಯುವ ಸಂದರ್ಭಗಳಿವೆ ನಿಜ, ಅಲ್ಲೂ ಕೆಲಸ ಮಾಡುವುದು ಬಿಸಿಯೇ. ಇನ್ನು ಮುಂದೆ ಯಾರಾದರೂ ಅಲೆಯ ಪವಾಡವೆಂದರೆ, ಪಾತ್ರೆಯೊಳಗಿನ ತಾಪಮಾನ ಅಳೆದದ್ದು ಹೇಗೆಂದು ಓದುಗರು ಕೇಳಲಿ.