ಡೇಟಾ ಸೆಂಟರಿನ ನೀರಿನ ಲೆಕ್ಕ: ಹಮಿನಾ ನಿದರ್ಶನ

ಫಿನ್‌ಲ್ಯಾಂಡಿನ ಆಗ್ನೇಯ ಕರಾವಳಿಯ ಹಮಿನಾ ಪಟ್ಟಣದ ಬಳಿ ಸುಮ್ಮಾ ಎಂಬ ಕಾಗದದ ಗಿರಣಿಯಿತ್ತು. 2008ರಲ್ಲಿ ಅದು ಮುಚ್ಚಿತು. ಮರುವರ್ಷ ಗೂಗಲ್ ಅದನ್ನು ಕೊಂಡು, 2011ರಲ್ಲಿ ಅಲ್ಲೇ ಡೇಟಾ ಸೆಂಟರ್ ತೆರೆಯಿತು. ಗಿರಣಿಯ ಗೋಡೆಗಳಿಗಿಂತ ಹೆಚ್ಚಾಗಿ ಗೂಗಲ್ಲಿಗೆ ಉಪಯೋಗಕ್ಕೆ ಬಂದದ್ದು ಅದರ ಸುರಂಗ. ಫಿನ್‌ಲ್ಯಾಂಡ್ ಕೊಲ್ಲಿಯಿಂದ ಗಿರಣಿಗೆ ನೀರು ತರಲು ಗ್ರಾನೈಟ್ ಬಂಡೆ ಕೊರೆದು ಮಾಡಿದ್ದ ಆ ಸುರಂಗದಲ್ಲೇ ಈಗ ಸರ್ವರುಗಳನ್ನು ತಣಿಸುವ ಸಮುದ್ರದ ನೀರು ಬರುತ್ತದೆ.

ಡೇಟಾ ಸೆಂಟರ್ ಎಂದರೆ ಸಾವಿರಾರು ಸರ್ವರುಗಳನ್ನು ಹಗಲಿರುಳು ನಿಲ್ಲಿಸದೆ ನಡೆಸುವ ಕಟ್ಟಡ. ಕರೆಂಟು ಹೋದರೆ ಯುಪಿಎಸ್ ಬ್ಯಾಟರಿಗಳು ಆ ಕ್ಷಣವೇ ಹೊರೆ ಹೊರುತ್ತವೆ, ಅಷ್ಟರಲ್ಲಿ ಡೀಸೆಲ್ ಜನರೇಟರು ಶುರುವಾಗುತ್ತದೆ. ಇಷ್ಟು ಹೆಚ್ಚಿನವರಿಗೆ ಗೊತ್ತಿರುವುದೇ. ಕಡಿಮೆ ಚರ್ಚೆಯಾಗುವುದು ಶಾಖ. ಸರ್ವರು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ರ್‍ಯಾಕುಗಳ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ನಿಲ್ಲಿಸುವುದು ಇದಕ್ಕಾಗಿಯೇ: ಮುಖಗಳ ನಡುವಿನ ಓಣಿಯಲ್ಲಿ ತಂಪು ಗಾಳಿ, ಬೆನ್ನುಗಳ ನಡುವಿನ ಓಣಿಯಲ್ಲಿ ಬಿಸಿ ಗಾಳಿ. ಬಿಸಿ ಗಾಳಿಯ ಶಾಖವನ್ನು ಕೊಳವೆಯಲ್ಲಿ ಹರಿಯುವ ನೀರು ಹೀರಿಕೊಳ್ಳುತ್ತದೆ. ಹಮಿನಾದಲ್ಲಿ ಈ ನೀರು ತನ್ನ ಶಾಖವನ್ನು ಶಾಖ ವಿನಿಮಯಕಗಳ ಮೂಲಕ ಸಮುದ್ರದ ನೀರಿಗೆ ದಾಟಿಸುತ್ತದೆ. ಲೋಹ ತಿನ್ನುವ ಉಪ್ಪುನೀರು ಸರ್ವರ್ ಕೋಣೆಯತ್ತ ಸುಳಿಯುವುದಿಲ್ಲ. ಬಿಸಿಯಾದ ಸಮುದ್ರದ ನೀರಿಗೆ ಆಗಷ್ಟೇ ಬಂದ ತಣ್ಣೀರು ಬೆರೆಸಿ ಮತ್ತೆ ಕೊಲ್ಲಿಗೆ ಬಿಡುತ್ತಾರೆ. ಈ ಶಾಖವನ್ನು ಊರಿನ ಮನೆಗಳನ್ನು ಬೆಚ್ಚಗಿಡುವ ಜಾಲಕ್ಕೆ ಪುಕ್ಕಟೆಯಾಗಿ ಕೊಡುವುದಾಗಿ 2024ರಲ್ಲಿ ಗೂಗಲ್ ಪ್ರಕಟಿಸಿತು.

ಉದ್ಯಮ ತನ್ನ ದಕ್ಷತೆಯನ್ನು ಹೇಳಿಕೊಳ್ಳುವುದು ಪಿಯುಇ ಎಂಬ ಅನುಪಾತದಲ್ಲಿ. ಕೇಂದ್ರಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಅಲ್ಲಿನ ಕಂಪ್ಯೂಟಿಂಗ್ ಯಂತ್ರಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಬೇಕು. ಉತ್ತರ 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಗೂಗಲ್ಲಿನ ಕೇಂದ್ರಗಳ ಸರಾಸರಿ ಸುಮಾರು 1.1. ನನ್ನ ತಕರಾರು ಇಷ್ಟೇ: ಈ ಅಂಕಿಯಲ್ಲಿ ನೀರಿಗೆ ಜಾಗವಿಲ್ಲ. ಕೂಲಿಂಗ್ ಟವರಿನಲ್ಲಿ ನೀರನ್ನು ಆವಿಯಾಗಿಸಿ ಶಾಖ ಕಳೆದರೆ, ನೀರು ತಣಿಸುವ ಯಂತ್ರವಾದ ಚಿಲ್ಲರಿನ ಕಂಪ್ರೆಸರಿಗೆ ಕೆಲಸ ಹಗುರಾಗಿ ಪಿಯುಇ ಸುಧಾರಿಸುತ್ತದೆ. ನೀರಿನ ಖರ್ಚು ಏರುತ್ತದೆ. ಹಮಿನಾದ ನೀರು ಸಮುದ್ರಕ್ಕೆ ಮರಳುತ್ತದೆ, ಟವರಿನದು ಮರಳುವುದಿಲ್ಲ. ಪಿಯುಇ ಮಾತ್ರ ಎರಡೂ ಕಡೆ ಒಂದೇ ಇರಬಹುದು.

ಆ ಖರ್ಚು ಎಷ್ಟು? ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2.4 ಮೆಗಾಜೌಲ್ ಶಾಖ ಒಯ್ಯುತ್ತದೆ. ಒಂದು ಯೂನಿಟ್ ವಿದ್ಯುತ್ ಎಂದರೆ 3.6 ಮೆಗಾಜೌಲ್. ಅಂದರೆ ಯೂನಿಟ್ಟಿಗೆ ಒಂದೂವರೆ ಲೀಟರ್. ಒಂದು ಮೆಗಾವ್ಯಾಟ್ ಶಾಖವನ್ನೆಲ್ಲ ಹೀಗೆಯೇ ಕಳೆದರೆ ದಿನಕ್ಕೆ 36,000 ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ 12,000 ಲೀಟರಿನ ಮೂರು ಟ್ಯಾಂಕರ್. ದೊಡ್ಡ ಕೇಂದ್ರಗಳು ಹತ್ತಾರು ಮೆಗಾವ್ಯಾಟಿನವು. ಬೆಂಗಳೂರಿಗೆ ಸಮುದ್ರವಿಲ್ಲ, ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ತರುವ ಊರು ಅದು.

ಗಾಳಿಯಿಂದಲೇ ತಣಿಯುವ ಚಿಲ್ಲರ್ ಹಾಕಿದರೆ ನೀರೇ ಬೇಡವಲ್ಲ ಎಂಬ ವಾದವಿದೆ. ಕೇಂದ್ರದ ಆವರಣದ ಮಟ್ಟಿಗೆ ಅದು ನಿಜ. ಆದರೆ ಅಂಥ ಚಿಲ್ಲರಿಗೆ ಹೆಚ್ಚು ವಿದ್ಯುತ್ ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ ನೀರಿನ ಬಾಬತ್ತು ರಾಯಚೂರಿನ ಸ್ಥಾವರಕ್ಕೆ, ಅಲ್ಲಿಂದ ಕೃಷ್ಣೆಗೆ ವರ್ಗವಾಗುತ್ತದೆ. ಕೂಲಿಂಗ್ ಟವರ್ ಇರುವ ಹಳೆಯ ಕಲ್ಲಿದ್ದಲು ಸ್ಥಾವರಗಳಿಗೆ ಕೇಂದ್ರ ಸರ್ಕಾರ 2015ರಲ್ಲಿ ಹಾಕಿದ ಮಿತಿಯೇ ಯೂನಿಟ್ಟಿಗೆ 3.5 ಲೀಟರ್.

ನೀರಿಗೂ ಡಬ್ಲ್ಯುಯುಇ ಎಂಬ ಅಳತೆ 2011ರಿಂದ ಇದೆ. ಡೇಟಾ ಸೆಂಟರಿಗೆ ಜಮೀನು, ರಿಯಾಯಿತಿ ಕೊಡುವ ಸರ್ಕಾರ ಅದನ್ನು ಅರ್ಜಿಯಲ್ಲೇ ಕಡ್ಡಾಯವಾಗಿ ಕೇಳಲಿ: ಯೂನಿಟ್ಟಿಗೆ ಎಷ್ಟು ಲೀಟರ್, ಯಾವ ಮೂಲದಿಂದ, ಬೇಸಿಗೆಯಲ್ಲಿ ಎಷ್ಟು.