ಮಂಡಿ ನೋವಿನ ಪಾಠಶಾಲೆ

ಮಂಡಿ ಸವೆದ ಹೆಂಗಸಿಗೆ ನಮ್ಮಲ್ಲಿ ಸಿಗುವುದು ಎರಡೇ ಮಾತು: ವಯಸ್ಸಾಯಿತು, ಸಹಿಸಿಕೊಳ್ಳಿ. ನನಗೂ ಎರಡೂ ಸಿಕ್ಕಿವೆ. ಆದ್ದರಿಂದಲೇ ಅಮೆರಿಕದ ಕೇಟ್ ಲೋರಿಗ್ ಎಂಬ ದಾದಿಯ ಕೆಲಸ ನನಗೆ ಆಪ್ತವೆನಿಸಿತು.

1970ರ ದಶಕದ ಕೊನೆಯಲ್ಲಿ ಆಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೀಲುನೋವಿನವರಿಗೆಂದು ತರಗತಿ ರೂಪಿಸಿದರು. ಆರು ವಾರ, ವಾರಕ್ಕೆ ಎರಡು ಗಂಟೆ. ಪಾಠ ಹೇಳಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಅವರಲ್ಲಿ ಹಲವರಿಗೆ ಕೀಲುನೋವಿತ್ತು. ವ್ಯಾಯಾಮ, ವಿಶ್ರಾಂತಿ, ಔಷಧಿ, ವೈದ್ಯರೊಡನೆ ಮಾತಾಡುವ ಬಗೆ, ಇವೇ ಪಾಠಗಳು.

ಬಂದವರ ನೋವು ತಗ್ಗಿತು. ಆದರೆ ಹೆಚ್ಚು ವ್ಯಾಯಾಮ ಮಾಡಿದವರಿಗೇ ಹೆಚ್ಚು ಗುಣವೆಂದು ಲೆಕ್ಕ ಹೇಳಲಿಲ್ಲ! ಮಾತಾಡಿಸಿ ನೋಡಿದರೆ, ಗುಣ ಕಂಡವರಲ್ಲಿ ನೋವು ತಮ್ಮ ಹಿಡಿತದಲ್ಲಿದೆಯೆಂಬ ಭಾವವಿತ್ತು. ಅಲ್ಲಿಯದೇ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದಿದ್ದು ಈ ನಂಬಿಕೆಯನ್ನು ಕುರಿತೇ. ಮುಂದೆ ಪಾಠದಲ್ಲೇ ಅದನ್ನು ಬೆಳೆಸಿದರು: ವಾರಕ್ಕೊಂದು ಸಣ್ಣ ಗುರಿ, ಅದರ ಸಾಧನೆ.

1993ರ ವರದಿಯಂತೆ, ನಾಲ್ಕು ವರ್ಷಗಳ ನಂತರವೂ ನೋವು ಸರಾಸರಿ ಶೇ. 20, ವೈದ್ಯರ ಭೇಟಿ ಶೇ. 40 ಇಳಿದಿದ್ದವು. ದೇಹದ ಅಶಕ್ತತೆ ಮಾತ್ರ ಶೇ. 9 ಏರಿತ್ತು. ರೋಗ ನಿಲ್ಲಲಿಲ್ಲ, ಅದರ ಯಜಮಾನಿಕೆ ತಗ್ಗಿತು.

ನಮ್ಮ ಮಹಿಳಾ ಸಮಾಜಗಳಲ್ಲಿ ಕಸೂತಿ, ಅಡುಗೆಗಳ ನಡುವೆ ಇಂಥ ಆರು ವಾರಗಳಿಗೂ ಜಾಗ ಸಿಗಬಾರದೇ?